ಹಿಗ್ಗಿಗೊಂದು ಮುದ್ರೆ

ಕಳೆದ ಮಾಘ ಮಾಸದಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳ ರಂಗಪ್ರವೇಶಕ್ಕೆ ಹೋಗಿದ್ದೆ. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಹಾಡು ಹೇಳಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ತಾಯಿ ಮಗಳಿಬ್ಬರೂ ಬಂದು, ಅರಿಸಿನ ಕುಂಕುಮ ಕೊಟ್ಟು, ಮದುವೆಯ ಲಗ್ನಪತ್ರಿಕೆಗಿಂತ ದಪ್ಪನಾದ ಪತ್ರಿಕೆಯನ್ನು ಕೈಗಿಟ್ಟು ಹೋಗಿದ್ದರು. ಶಂಕರಪುರಂನಲ್ಲಿ ಜಗಲಿಯಿರುವ ಮನೆಗಳು ಈಗ ಬೆರಳೆಣಿಕೆಯಷ್ಟು. ಉಳಿದ ಕಡೆಯೆಲ್ಲ ಮೂರು ಮಹಡಿ, ನಾಲ್ಕು ಮಹಡಿಯ ಫ್ಲಾಟುಗಳು. ಆದರೆ ಸಂಜೆ ಐದರ ಮೇಲೆ ಈ ಬೀದಿಗಳಲ್ಲಿ ನಡೆದರೆ ಯಾವುದಾದರೂ ಮಹಡಿಯಿಂದ ತಟ್ಟುಕೋಲಿನ ಸದ್ದು ಕೇಳಿಯೇ ಕೇಳುತ್ತದೆ. ಅಷ್ಟರ ಮಟ್ಟಿಗೆ ನಮ್ಮ ಬಡಾವಣೆ ಬದಲಾಗಿಲ್ಲ.

ಹುಡುಗಿ ಚೆನ್ನಾಗಿಯೇ ಕುಣಿದಳು. ಅರೆಮಂಡಿ ಅಚ್ಚುಕಟ್ಟು, ತಾಳ ಎಲ್ಲಿಯೂ ತಪ್ಪಲಿಲ್ಲ. ಪುಷ್ಪಾಂಜಲಿ, ಅಲರಿಪು, ಜತಿಸ್ವರ, ವರ್ಣ, ಪದ, ಜಾವಳಿ, ಕೊನೆಗೆ ತಿಲ್ಲಾನ. ಎರಡೂವರೆ ಗಂಟೆ. ನಾಲ್ಕು ಸಲ ಸೀರೆ ಬದಲಾಯಿತು. ಬದಲಾಗದೇ ಇದ್ದದ್ದು ಒಂದೇ, ಅವಳ ನಗು. ಅಲರಿಪಿನಲ್ಲಿ ಯಾವ ನಗುವಿತ್ತೋ ಅದೇ ನಗು ವರ್ಣದಲ್ಲಿ. ಪದದಲ್ಲಿ ನಾಯಿಕೆ ಬಾಗಿಲಿಗೆ ಒರಗಿ, ಬಾರದವನ ದಾರಿ ನೋಡಿ ನೋಡಿ ಬಸವಳಿಯಬೇಕು. ಆಗಲೂ ಸಾಲಾಗಿ ಹಲ್ಲು. ನನ್ನ ಪಕ್ಕದಲ್ಲಿ ಕುಳಿತಿದ್ದವರು, "ಎಷ್ಟು ಚೆನ್ನಾಗಿ ನಗ್ತಾಳೆ ಅಲ್ವಾ, ಒಂದು ನಿಮಿಷ ಬಿಡಲಿಲ್ಲ" ಎಂದರು. ನಾನು "ಹೌದು" ಎಂದೆ. ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಹೌದು ಎಂದದ್ದಕ್ಕೆ.

ಆ ಮಗುವಿನ ತಪ್ಪಲ್ಲ ಅದು. ಊರಿನಲ್ಲಿ ನಡೆಯುವ ಹತ್ತು ರಂಗಪ್ರವೇಶಗಳಿಗೆ ಹೋದರೆ ಏಳೆಂಟು ಕಡೆ ಇದೇ ನಗು ಸಿಗುತ್ತದೆ. ವೀಡಿಯೋದವನು ಎದುರಿಗೆ ನಿಂತಿದ್ದಾನೆ, ಫೋಟೋ ಆಲ್ಬಮ್ ಆಗಬೇಕು, ಮುಖ ಬಾಡಿ ಕಂಡರೆ ನೆಂಟರು ಏನೆಂದಾರು! ಹೆಣ್ಣುಮಗಳು ವೇದಿಕೆಯ ಮೇಲೆ ಸಂತೋಷವಾಗಿ ಕಾಣಬೇಕು ಎನ್ನುವುದು ಸರಿ. ಆದರೆ ಸಂತೋಷ ಹಲ್ಲಿನಲ್ಲಿದೆ ಎಂದು ನಾವು ಯಾವಾಗಿನಿಂದ ತಿಳಿದೆವು?

ಮರುದಿನ ಅಡಿಗೆ ಮುಗಿಸಿ ಹಳೆಯ ಪುಸ್ತಕಗಳನ್ನು ತೆಗೆದು ಕೂತೆ. ಭರತನ ನಾಟ್ಯಶಾಸ್ತ್ರದಲ್ಲಿ ರಸಗಳು ಎಂಟು. ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ. ಒಂಬತ್ತನೆಯದಾದ ಶಾಂತ ಆಮೇಲೆ ಬಂದು ಸೇರಿದ್ದು. ಈ ಪಟ್ಟಿಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಇದರಲ್ಲಿ ಸಂತೋಷಕ್ಕೆ ಜಾಗವೆಲ್ಲಿ ಎಂದು ಕೇಳಿದ್ದೇವೆಯೇ? ದುಃಖಕ್ಕೆ ಕರುಣವಿದೆ, ಸಿಟ್ಟಿಗೆ ರೌದ್ರವಿದೆ, ಅಸಹ್ಯಕ್ಕೂ ಒಂದು ರಸವಿದೆ. ಸಂತೋಷಕ್ಕೆ ಮಾತ್ರ ಸ್ವಂತದ ಮನೆಯಿಲ್ಲ. ಅದು 'ಹರ್ಷ' ಎನ್ನುವ ಹೆಸರಿನಲ್ಲಿ 33 ವ್ಯಭಿಚಾರಿ ಭಾವಗಳಲ್ಲಿ ಒಂದಾಗಿ, ಬಂದು ಹೋಗುವ ನೆಂಟರ ಸಾಲಿನಲ್ಲಿ ಕುಳಿತಿದೆ.

ಮೊದಲು ನನಗೆ ಇದು ಅನ್ಯಾಯ ಅನ್ನಿಸಿತು. ಯೋಚಿಸಿದ ಮೇಲೆ, ಭರತನಿಗೆ ಮನುಷ್ಯರು ಚೆನ್ನಾಗಿ ಗೊತ್ತಿದ್ದರು ಅನ್ನಿಸಿತು. ಸಂತೋಷ ಎಂದಾದರೂ ಮನೆ ಮಾಡಿಕೊಂಡು ಕೂತದ್ದುಂಟೆ? ಹಾಲು ಉಕ್ಕಿದ ಹಾಗೆ ಬರುತ್ತದೆ, ಇಳಿಯುತ್ತದೆ. ಹರ್ಷ ಬಂದಾಗ ಏನಾಗುತ್ತದೆ ಎಂದೂ ಅವನು ಹೇಳಿದ್ದಾನೆ. ಮುಖ, ಕಣ್ಣು ತಿಳಿಯಾಗುತ್ತವೆ, ಮಾತು ಇಂಪಾಗುತ್ತದೆ, ಎದುರಿಗಿದ್ದವರನ್ನು ಅಪ್ಪಿಕೊಳ್ಳುತ್ತೇವೆ, ಮೈನವಿರೇಳುತ್ತದೆ, ಬೆವರುತ್ತೇವೆ, ಕಣ್ಣೀರು ಬರುತ್ತದೆ. ನಗುವಿಗೆ ಅವನು ಬೇರೆಯೇ ಕಡೆ, ಹಾಸ್ಯರಸದ ಮನೆಯಲ್ಲಿ ಜಾಗ ಕೊಟ್ಟಿದ್ದಾನೆ. ಅಲ್ಲಿ ನಗುವಿನಲ್ಲಿ ಆರು ಬಗೆ. ಅತ್ಯಂತ ಮೇಲಾದದ್ದು ಸ್ಮಿತ. ಅದರಲ್ಲಿ ಕೆನ್ನೆ ತುಸುವೇ ಅರಳುತ್ತದೆ, ಹಲ್ಲು ಕಾಣಿಸುವುದಿಲ್ಲ.

ನಂದಿಕೇಶ್ವರನ ಅಭಿನಯದರ್ಪಣವನ್ನೂ ತೆಗೆದೆ. ಒಂದೇ ಕೈಯಲ್ಲಿ ಮಾಡುವ ಹಸ್ತಗಳು 28. ಅವುಗಳ ಹೆಸರುಗಳೇ ಚೆಂದ. ಬಾವುಟದ ಪತಾಕ, ನವಿಲಿನ ಮಯೂರ, ಗಿಳಿಯ ಕೊಕ್ಕಿನ ಶುಕತುಂಡ, ಜಿಂಕೆಯ ತಲೆಯ ಮೃಗಶೀರ್ಷ, ಅರಳಿದ ತಾವರೆಯ ಅಲಪದ್ಮ, ದುಂಬಿಯ ಭ್ರಮರ. ಹಕ್ಕಿ, ಹೂವು, ಪ್ರಾಣಿ ಎಲ್ಲವೂ ಇವೆ. ಸಂತೋಷ ಎನ್ನುವ ಹೆಸರಿನ ಹಸ್ತ ಇಲ್ಲ. ಹಾಗಾದರೆ ಕುಣಿಯುವವಳು ತನ್ನ ಹಿಗ್ಗನ್ನು ತೋರಿಸುವುದು ಯಾವುದರಿಂದ?

ಈ ಪ್ರಶ್ನೆಗೆ ಉತ್ತರ ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ನನ್ನ ಸೋದರತ್ತೆಯಿಂದ ಕಲಿತದ್ದು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮನೆ ಶೃಂಗೇರಿ ಶಂಕರಮಠಕ್ಕೆ ಹತ್ತಿರ. ಮಂಗಳಾರತಿಯ ಗಂಟೆ ಜಗಲಿಗೆ ಕೇಳುತ್ತಿತ್ತು. ನಡುಮನೆ, ಅಡಿಗೆಮನೆ, ದೇವರಮನೆ, ಹಿಂದೆ ಬಚ್ಚಲು, ಬಚ್ಚಲಿನ ಪಕ್ಕ ಒಂದು ಕತ್ತಲೆಕೋಣೆ. ಆ ಕೋಣೆ ಅತ್ತೆಯದು. 19 ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಕಣ್ಣು ಬಿಟ್ಟಾಗಿನಿಂದ ಅವರು ಮಡಿ, ಅಡಿಗೆ, ಹೂಬತ್ತಿ, ಹಪ್ಪಳ ಇಷ್ಟರಲ್ಲೇ ಇದ್ದರು. ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಯಾರಾದರೂ ನಕ್ಕರೆ ತಡೆಯುತ್ತಿದ್ದವರೂ ಅವರೇ. "ಹೆಣ್ಣುಮಕ್ಕಳು ನಕ್ಕರೆ ಹೊಸ್ತಿಲು ದಾಟಬಾರದು ಕಣೇ" ಎನ್ನುತ್ತಿದ್ದರು. ಕೂತರೆ ನೆಟ್ಟಗೆ ಕೂರಬೇಕು. ನಿಂತರೆ ಸೊಂಟ ಓರೆಯಾಗಬಾರದು. ಕಂಬಕ್ಕೆ ಒರಗಬಾರದು. ಮಾತನಾಡುವಾಗ ಕೈ ಆಡಿಸಬಾರದು.

ಒಂಬತ್ತನೆಯ ವರ್ಷಕ್ಕೆ ನಮ್ಮ ತಂದೆ ನನ್ನನ್ನು ನೃತ್ಯಕ್ಕೆ ಸೇರಿಸಿದರು. ಅದು 1964. ಬೇಲೂರಿನ ಶಿಲ್ಪಿಯ ಕಥೆಯ 'ಅಮರಶಿಲ್ಪಿ ಜಕಣಾಚಾರಿ' ಚಿತ್ರ ಬಂದ ವರ್ಷ. ಕನ್ನಡದಲ್ಲಿ ಪೂರ್ತಿ ಬಣ್ಣದಲ್ಲಿ ತೆಗೆದ ಮೊದಲ ಚಿತ್ರ. ಅದನ್ನು ನೋಡಿ ಬಂದ ನಮ್ಮ ತಂದೆ ಮಗಳೂ ಕುಣಿಯಲಿ ಎಂದರು. ನಾಲ್ಕು ವರ್ಷ ಕಲಿತೆ. 13 ತುಂಬಿ ದೊಡ್ಡವಳಾದ ವಾರಕ್ಕೆ ಅತ್ತೆ ನಡುಮನೆಗೆ ಬಂದು ತಮ್ಮನ ಎದುರಿಗೆ ನಿಂತು, "ಸಾಕು ಕಣೋ, ಕುಣಿದದ್ದು. ಇನ್ನು ಮನೆಯಲ್ಲಿರಲಿ" ಎಂದರು. ಅಕ್ಕನ ಮಾತನ್ನು ತಂದೆ ತೆಗೆದುಹಾಕಲಿಲ್ಲ. ಗೆಜ್ಜೆಯನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟೆವು. ನಾನು ಅತ್ತೆಯ ಹತ್ತಿರ ಎಷ್ಟೋ ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಅವರಿಗೂ ಅದು ಗೊತ್ತಿತ್ತು.

1979ರಲ್ಲಿ, ನನಗೆ ಮದುವೆಯಾಗಿ ಒಂದು ಮಗುವಾದ ಮೇಲೆ, ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟೆವು. ದಾರಿಯಲ್ಲಿ ಬೇಲೂರು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರು. ಅತ್ತೆಗೆ ಆಗ ಅರವತ್ತು ದಾಟಿತ್ತು. ಅವರು ಬಂದದ್ದು ಚೆನ್ನಕೇಶವನ ದರ್ಶನಕ್ಕೆ. ಪೂಜೆ ಆ ಗುಡಿಯಲ್ಲಿ ನಿಂತಿಲ್ಲ, ಇಂದಿಗೂ ನಡೆಯುತ್ತದೆ. ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದು, ಉಳಿದವರು ಗೈಡಿನ ಹಿಂದೆ ಹೋದರು. ನಾನೂ ಅತ್ತೆಯೂ ಹಿಂದುಳಿದೆವು.

ಬೇಲೂರಿಗೆ ಹೋದವರಿಗೆಲ್ಲ ಗೊತ್ತು, ಅಲ್ಲಿ ಕತ್ತೆತ್ತಿ ನೋಡಬೇಕು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಹೊರಗಿನ ಗೋಡೆಯ ಮೇಲೆ, ಸೂರಿನ ಕೆಳಗೆ, ಕಂಬದ ತಲೆಯಿಂದ ಮುಂದಕ್ಕೆ ಬಾಗಿ ನಿಂತಿರುವವರು ಮದನಿಕೆಯರು. ಹೊರಗೆ 38, ಒಳಗೆ ನವರಂಗದಲ್ಲಿ 4. ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಅದಕ್ಕೇ ಕೊರಳ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನೂ ಕೊರೆದಿಟ್ಟಿದ್ದಾರೆ. ಸಿನಿಮಾದ ಜಕಣಾಚಾರಿ ನಮ್ಮ ಜನರ ಬಾಯಿಯಲ್ಲಿ ಉಳಿದವನು. ಕಲ್ಲಿನಲ್ಲಿ ಹೆಸರು ಉಳಿದಿರುವುದು ಈ ದಾಸೋಜನಂಥವರದು.

ಅತ್ತೆ ಒಬ್ಬೊಬ್ಬಳನ್ನೂ ನೋಡುತ್ತ ಸುತ್ತು ಬಂದರು. ಕನ್ನಡಿ ಹಿಡಿದವಳು, ಗಿಳಿಯ ಜೊತೆ ಮಾತಿಗಿಳಿದವಳು, ಕೋತಿ ಸೀರೆ ಎಳೆಯುತ್ತಿರುವವಳು, ಬೇಟೆಗೆ ಹೊರಟವಳು. ಒಬ್ಬ ನರ್ತಕಿಯ ಮುಂದೆ ನಿಂತುಬಿಟ್ಟರು. ಅವಳ ಕೈ ತಲೆಯ ಮೇಲಕ್ಕೆ ಹೋಗಿದೆ, ಸೊಂಟ ಒಂದು ಕಡೆಗೆ ಬಾಗಿದೆ. ಕಾಲಬಳಿಯಲ್ಲಿ ಪುಟ್ಟ ಪುಟ್ಟ ಜನ ವಾದ್ಯ ಬಾರಿಸುತ್ತಿದ್ದಾರೆ.

"ನೋಡೇ" ಎಂದರು ಅತ್ತೆ. "ನೆಟ್ಟಗೆ ನಿಲ್ಲು ಅಂತ ಇವಳಿಗೆ ಯಾರೂ ಹೇಳಿದ ಹಾಗೆ ಕಾಣೆ."

ನನಗೆ ನಗು ಬಂತು. ಹೇಳಬೇಕಾದವರೇ ಇವರಲ್ಲವೇ! ಆದರೆ ನಾನು ತಿರುಗಿ ನೋಡುವಷ್ಟರಲ್ಲಿ ಅವರ ಬಲಗೈ ಮೇಲಕ್ಕೆ ಹೋಗಿತ್ತು. ತಲೆಯ ಮೇಲಕ್ಕಲ್ಲ, ಭುಜದ ಮಟ್ಟಕ್ಕೆ. ಹಪ್ಪಳ ಒತ್ತಿ ಒತ್ತಿ ಗಂಟು ಬಿದ್ದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮುಖದಲ್ಲಿ ನಗುವಿರಲಿಲ್ಲ. ಕಣ್ಣು ಮಾತ್ರ ತಿಳಿಯಾಗಿತ್ತು.

"ಈ ಕೈಗೆ ಏನೋ ಹೆಸರಿತ್ತಲ್ಲೇ, ನೀನು ಹಿತ್ತಲಲ್ಲಿ ಹೇಳ್ಕೋತಾ ಇದ್ದೆ" ಎಂದರು.

"ಅಲಪದ್ಮ, ಅತ್ತೆ" ಎಂದೆ.

"ಅಲಪದ್ಮ" ಎಂದು ತಾವೂ ಒಮ್ಮೆ ಹೇಳಿ, ಕೈಯನ್ನು ತಮ್ಮದಲ್ಲವೆಂಬಂತೆ ತಿರುಗಿಸಿ ನೋಡಿಕೊಂಡರು. ಅಷ್ಟರಲ್ಲಿ ಗೈಡಿನ ಗುಂಪು ಮೂಲೆ ತಿರುಗಿ ಬಂತು. ಕೈ ಸೆರಗಿನೊಳಕ್ಕೆ ಹೋಯಿತು. ನನ್ನ ನೃತ್ಯವನ್ನು ಬಿಡಿಸಿದ ಮಾತು ಆಗಲೂ ಬರಲಿಲ್ಲ, ಆಮೇಲೆ ಅವರು ಇರುವ ತನಕವೂ ಬರಲಿಲ್ಲ. ಆದರೆ ನಾಲ್ಕು ವರ್ಷ ನಾನು ಹಿತ್ತಲಲ್ಲಿ ಗುನುಗಿದ್ದನ್ನು ಅವರು ಕೇಳಿಸಿಕೊಂಡಿದ್ದರು.

ಆ ದಿನದಿಂದ ನಾನು ನೃತ್ಯ ನೋಡುವ ರೀತಿಯೇ ಬದಲಾಯಿತು. ಬೇಲೂರಿಗೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚು ಬರುತ್ತಾರೆ. ಗೈಡುಗಳು ಒಳಗಿನ ಮದನಿಕೆಯ ಕಲ್ಲುಬಳೆ ತಿರುಗುತ್ತದೆ ಎನ್ನುತ್ತಾರೆ, ಇವರೆಲ್ಲ ಶಾಂತಲೆಯನ್ನು ನೋಡಿ ಕಡೆದ ವಿಗ್ರಹಗಳು ಎನ್ನುತ್ತಾರೆ. ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳು ಹೊಗಳಿರುವುದು ನಿಜ. ಉಳಿದದ್ದು ಜನರ ಪ್ರೀತಿ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಓದಿ ಕಣ್ಣೊರೆಸಿಕೊಂಡ ನಮ್ಮಂಥವರಿಗೆ ಆ ಪ್ರೀತಿ ಅರ್ಥವಾಗುತ್ತದೆ.

ಈ ಸಲ ಹೋದಾಗ ಅವರ ಮುಖವನ್ನು ಮಾತ್ರ ಗಮನವಿಟ್ಟು ನೋಡಿ. ನೀವೂ ನಾನು ಕಂಡದ್ದನ್ನೇ ಕಾಣುತ್ತೀರಿ. ಮುಖ ಶಾಂತವಾಗಿದೆ. ತುಟಿಯಂಚಿನಲ್ಲಿ ಇದೆಯೋ ಇಲ್ಲವೋ ಎಂಬಂಥ ನಗು. ಭರತ ಹೇಳಿದ ಸ್ಮಿತ. ಹಿಗ್ಗೆಲ್ಲ ಕೆಳಗೆ ಇಳಿದುಬಂದಿದೆ. ಮಣಿಕಟ್ಟು ಬಾಗಿದ ರೀತಿಯಲ್ಲಿ, ಸೊಂಟದ ಓರೆಯಲ್ಲಿ, ಎತ್ತಿದ ಹಿಮ್ಮಡಿಯಲ್ಲಿ ಅದು ಇದೆ. ಅವಳು ಸಂತೋಷವಾಗಿದ್ದಾಳೆ ಎಂದು ಮುಖ ಸಾರಿ ಹೇಳುವುದಿಲ್ಲ. ಮೈ ತಡೆಯಲಾರದೆ ಹೇಳಿಬಿಡುತ್ತದೆ.

ಇದನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಂಡವರು ನಮ್ಮ ಬಸವನಗುಡಿಯವರೇ ಆದ ಡಿ.ವಿ. ಗುಂಡಪ್ಪನವರು. ಡಿ.ವಿ.ಜಿ. ಎಂದರೆ ಎಲ್ಲರಿಗೂ 1943ರ 'ಮಂಕುತಿಮ್ಮನ ಕಗ್ಗ' ನೆನಪಾಗುತ್ತದೆ. ಆದರೆ ಅವರೇ ಬೇಲೂರಿನ ಈ ಕಲ್ಲಿನ ಹುಡುಗಿಯರ ಮೇಲೆ ಹಾಡುಗಳನ್ನು ಬರೆದು 'ಅಂತಃಪುರ ಗೀತೆ' ಎಂದು ಹೆಸರಿಟ್ಟರು. ಒಬ್ಬೊಬ್ಬಳಿಗೂ ಒಂದೊಂದು ಹಾಡು. ಇವರು ಗೋಡೆಯ ಅಲಂಕಾರವಲ್ಲ, ಚೆನ್ನಕೇಶವನ ಅಂತಃಪುರದ ಹೆಂಗಸರು, ಇವರ ಸಿಂಗಾರ, ಸಿಡುಕು, ಸಂಭ್ರಮ ಎಲ್ಲ ಅವನ ಸುತ್ತಲೇ ಎನ್ನುವುದು ಅವರ ಕಲ್ಪನೆ. ಸಂಗೀತಗಾರರು ಈ ಹಾಡುಗಳನ್ನು ಹಾಡಿದ್ದಾರೆ, ನರ್ತಕಿಯರು ಕುಣಿದಿದ್ದಾರೆ. ಅವುಗಳಲ್ಲಿ ಒಂದು, ಕುಣಿಯುವವಳ ದೊಡ್ಡ ಆನಂದವನ್ನು ಕಂಡು ಬೆರಗಾಗಿ, ಅದರ ಕಾರಣವನ್ನು ಅವಳನ್ನೇ ವಿಚಾರಿಸುವ ಹಾಡು. ರಂಗಪ್ರವೇಶಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ನನಗೆ ಈ ಹಾಡುಗಳ ಮೇಲೆ ತುಂಬ ಪ್ರೀತಿ. ಪ್ರೀತಿಯಿರುವುದರಿಂದಲೇ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಡಿ.ವಿ.ಜಿ.ಯವರು ಆ ಹುಡುಗಿಯರನ್ನು ಮಾತನಾಡಿಸಿದರು. ಅದು ಸಣ್ಣ ವಿಷಯವಲ್ಲ. ವಯಸ್ಸಾದ, ಲೋಕವೆಲ್ಲ ಗೌರವಿಸುವ ವೇದಾಂತಿಯೊಬ್ಬರು ಹೆಣ್ಣಿನ ಹಿಗ್ಗನ್ನು ಕಂಡು ಮುಖ ತಿರುಗಿಸಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಅದನ್ನು ಆನಂದ ಎಂದು ಕರೆದರು. ನಮ್ಮ ಮನೆಗಳಲ್ಲಿ ಅದಕ್ಕಿದ್ದ ಹೆಸರು 'ಚೆಲ್ಲಾಟ'. ವೇದಾಂತದ ಮಾತನ್ನು ತಂದು ಕುಣಿಯುವವಳ ಕಾಲಬಳಿ ಇಟ್ಟದ್ದು ಅವರ ದೊಡ್ಡತನ.

ಎರಡನೆಯ ಮಾತು ಸ್ವಲ್ಪ ಕಷ್ಟದ್ದು. ಚಿಕ್ಕ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡು, ಮತ್ತೆ ಮದುವೆಯಾಗದೆ ಉಳಿದವರು ಡಿ.ವಿ.ಜಿ. ನಮ್ಮ ಅತ್ತೆಯೂ ಒಂಟಿಯಾಗಿಯೇ ಉಳಿದವರು. ಅವರು ತೀರಿಕೊಂಡ ಮೇಲೆ ಕತ್ತಲೆಕೋಣೆಯ ಟ್ರಂಕನ್ನು ತೆಗೆದಾಗ ಮಡಿಸೀರೆಗಳ ಅಡಿಯಲ್ಲಿ 'ಅಂತಃಪುರ ಗೀತೆ'ಯ ಒಂದು ಪ್ರತಿ ಸಿಕ್ಕಿತು. ರಟ್ಟಿಗೆ ಹಳೆಯ ಪಂಚಾಂಗದ ಹಾಳೆ ಸುತ್ತಿತ್ತು, ಪಂಚಾಂಗವೇ ಎಂದು ತಿಳಿಯಲಿ ಎಂದೋ ಏನೋ. ಎಂದು ಕೊಂಡರೋ, ಯಾರಿಂದ ತರಿಸಿದರೋ ನಮಗೆ ತಿಳಿಯದು. ಎರಡು ರಸ್ತೆ ಆಚೆ ಇದ್ದ ಒಬ್ಬರು ಆ ಹಾಡುಗಳನ್ನು ಬರೆದು ನಾಡಿನ ಮೆಚ್ಚುಗೆ ಪಡೆದರು. ಈಚೆ ಇದ್ದ ಒಬ್ಬರು ಅವನ್ನು ಓದುವುದಕ್ಕೆ ಪಂಚಾಂಗದ ಮರೆ ಬೇಕಾಯಿತು. ಕವಿಯನ್ನು ನಾನು ದೂರುತ್ತಿಲ್ಲ. ಆ ಹಾಡುಗಳನ್ನು ಕೇಳುವಾಗ ಇದನ್ನೂ ನೆನೆಯಬೇಕು ಎನ್ನುತ್ತಿದ್ದೇನೆ.

ಆ ಹಾಡಿನಲ್ಲಿ ಕೇಳುವವನಿದ್ದಾನೆ, ಕೇಳಿಸಿಕೊಳ್ಳುವವಳಿದ್ದಾಳೆ. ಇಷ್ಟೊಂದು ಆನಂದ ಏಕೆ, ಯಾರಿಂದ ಎಂದು ಅವನು ಕೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಕಲ್ಲಾದ್ದರಿಂದ ಕೊಡುವುದಿಲ್ಲ ಎನ್ನಬಹುದು. ಆದರೆ ನನಗನ್ನಿಸುವುದು, ಹಾಡಿನ ಜೀವವೇ ಆ ಮೌನದಲ್ಲಿದೆ. ಹಿಗ್ಗಿಗೆ ಕಾರಣ ಕೊಡಬೇಕೆಂದು ಹೆಂಗಸರಾದ ನಮ್ಮನ್ನು ಯಾವಾಗಲೂ ಕೇಳುತ್ತಾರೆ. "ಏನು, ಇವತ್ತು ಇಷ್ಟು ಖುಷಿ?" ಎನ್ನುತ್ತಾರೆ. ಮಗನಿಗೆ ರ‍್ಯಾಂಕ್ ಬಂದಿದೆ, ಯಜಮಾನರಿಗೆ ಬಡ್ತಿಯಾಗಿದೆ ಎಂದರೆ ಒಪ್ಪುತ್ತಾರೆ. ಸುಮ್ಮನೆ, ಬೆಳಿಗ್ಗೆ ಎದ್ದಾಗ ಹಾಗೇ ಅನ್ನಿಸಿತು ಎಂದರೆ ಅನುಮಾನದಿಂದ ನೋಡುತ್ತಾರೆ. ಬೇಲೂರಿನವಳು ಒಂಬೈನೂರು ವರ್ಷಗಳಿಂದ ಕಾರಣ ಹೇಳದೆ ನಿಂತಿದ್ದಾಳೆ.

ಈ ಹಾಡನ್ನು ಕುಣಿದದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಎರಡನ್ನು ಹೇಳುತ್ತೇನೆ. ಒಬ್ಬಾಕೆ, ಹೆಸರು ಬೇಡ, ಪ್ರಶ್ನೆ ಬಂದ ಕೂಡಲೇ ಉತ್ತರವನ್ನೂ ತಾನೇ ಕೊಟ್ಟಳು. ಕೈಯಲ್ಲಿ ಕೊಳಲು ಹಿಡಿದಳು, ಶಂಖ ಚಕ್ರ ತೋರಿಸಿದಳು, ಕೇಶವ ಬಂದ, ನನ್ನನ್ನು ನೋಡಿದ, ಅದಕ್ಕೇ ಈ ಸಂತೋಷ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಜೊತೆಗೆ ಉದ್ದಕ್ಕೂ ನಗು. ಚಪ್ಪಾಳೆ ಬಿತ್ತು. ಆದರೆ ನನಗೆ ಏನೂ ಆಗಲಿಲ್ಲ, ಲೆಕ್ಕ ಸರಿಹೋದ ಹಾಗಿತ್ತು.

ಇನ್ನೊಬ್ಬಾಕೆ ಐವತ್ತು ದಾಟಿದವರು, ದೇಹ ಸ್ಥೂಲ. ಕೇಳುವವನ ಪಾತ್ರವನ್ನು ಅವರು ವೇದಿಕೆಯ ಒಂದು ಮೂಲೆಯಲ್ಲಿ ನಿಂತು, ತಲೆಯೆತ್ತಿ, ಬೇಲೂರಿನ ಯಾತ್ರಿಕರ ಹಾಗೆ ಅಭಿನಯಿಸಿದರು. ಆಮೇಲೆ ನಾಲ್ಕು ಹೆಜ್ಜೆ ನಡೆದು ಕೇಳಿಸಿಕೊಳ್ಳುವವಳಾದರು. ಪ್ರಶ್ನೆ ಮತ್ತೆ ಬಂತು. ಅವರು ಉತ್ತರ ಹೇಳಲಿಲ್ಲ. ಎತ್ತಿದ ಕೈಯ ಬೆರಳು ತುಸು ಅಲುಗಿತು, ಕಣ್ಣು ಬೆರಳನ್ನು ನೋಡಿತು, ಅಷ್ಟೇ. ಪ್ರಶ್ನೆ ಮೂರನೆಯ ಸಲ ಬಂದಾಗ ಕಣ್ಣು ಒದ್ದೆಯಾಗಿತ್ತು. ಭರತ ಹೇಳಿದ ಹರ್ಷದ ಕಣ್ಣೀರು ಅದು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅವರು ಬರೆದದ್ದನ್ನು ನಾವೆಲ್ಲ ಓದಿದೆವು.

ಮೈಸೂರಿನವರ ಅಭಿನಯ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ ಇರಬೇಕು. ಮೈಸೂರು ಶೈಲಿಯಲ್ಲಿ ಅಭಿನಯಕ್ಕೆ ಹೆಚ್ಚಿನ ಬೆಲೆ. ಅದನ್ನು ಕಾಪಾಡಿದವರು ಜಟ್ಟಿ ತಾಯಮ್ಮನವರು (1857-1947). ಜಟ್ಟಿಯ ಮಗಳಾದ್ದರಿಂದ ಆ ಹೆಸರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು. ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೆ ಗುರುವಿನ ಬಳಿ ಸೇರಿ, ಮೈಸೂರು ಅರಮನೆಯ ಆಸ್ಥಾನ ನರ್ತಕಿಯಾದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ತೀರಿಕೊಂಡರು.

ಇವರಂಥವರ ಹೆಸರನ್ನು ನಮ್ಮ ಬಡಾವಣೆಯ ಹೆಂಗಸರಾದ ನಾವು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಬೇಕು ಎಂದು ನನ್ನ ಎಣಿಕೆ. ಯಾಕೆಂದರೆ ಮೈಸೂರು ಸರ್ಕಾರ 1909ರಲ್ಲಿ ದೇವಸ್ಥಾನಗಳ ನರ್ತನ ಸೇವೆಯನ್ನು ನಿಲ್ಲಿಸಿತು. ಪದ್ಧತಿಯಲ್ಲಿದ್ದ ಕೆಡುಕು ಹೋಗಬೇಕಾಗಿತ್ತು, ನಿಜ. ಆದರೆ ಅದರ ಜೊತೆಗೆ ಕುಣಿಯುವವರ ಜೀವನೋಪಾಯವೂ ಹೋಯಿತು, ಮಾನವೂ ಹೋಯಿತು. ಕೆಲವು ವರ್ಷಗಳ ಮೇಲೆ ಅದೇ ಕಲೆ 'ಮರ್ಯಾದಸ್ಥರ' ಮನೆಗಳಿಗೆ ಬಂತು. ನಮ್ಮ ಊರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಯು.ಎಸ್. ಕೃಷ್ಣರಾವ್ ಅವರೂ ಅವರ ಪತ್ನಿ ಚಂದ್ರಭಾಗಾದೇವಿಯವರೂ ಒಟ್ಟಿಗೆ ಕುಣಿದು, ಗೃಹಸ್ಥರೂ ಕುಣಿಯಬಹುದು ಎಂದು ತೋರಿಸಿದರು. ಅವರಿಂದ ನಮಗೆ ದಾರಿಯಾಯಿತು. ಆದರೆ ಕಲೆ ನಮ್ಮ ನಡುಮನೆಗೆ ಬಂದಾಗ ನಾವು ಅದಕ್ಕೆ ನಮ್ಮ ಮನೆಯ ನಿಯಮಗಳನ್ನೇ ತೊಡಿಸಿದೆವು. ಸೊಂಟ ಹೆಚ್ಚು ಬಾಗದಿರಲಿ. ಪದ ಜಾವಳಿಗಳಲ್ಲಿ ಶೃಂಗಾರ ಹೆಚ್ಚಾಗದಿರಲಿ. ಮೈಯಿಂದ ಹಿಗ್ಗನ್ನು ತೆಗೆದ ಮೇಲೆ ಅದನ್ನು ಎಲ್ಲಾದರೂ ಇಡಬೇಕಲ್ಲ, ಮುಖದ ಮೇಲೆ ಇಟ್ಟೆವು. ಈಗ ಕಾಣುವ ನಗು ಹಾಗೆ ಬಂದದ್ದು ಎಂದು ನಾನು ತಿಳಿದಿದ್ದೇನೆ. ಅದು ಸಂತೋಷದ ನಗುವಲ್ಲ, ನಾವು ಒಳ್ಳೆಯ ಮನೆಯವರು ಎನ್ನುವ ನಗು.

ಹಾಗೆಂದು ನಮ್ಮ ಹೆಂಗಸರ ಮೈಗೆ ಹಿಗ್ಗು ಗೊತ್ತೇ ಇರಲಿಲ್ಲ ಎನ್ನಲಾರೆ. ಮದುವೆಮನೆಯಲ್ಲಿ ಉರುಟಣೆಯ ಹೊತ್ತಿಗೆ, ಅರಿಸಿನ ಹಚ್ಚುವ ಹೊತ್ತಿಗೆ ಅಜ್ಜಿಯರ ಕೈ ಹೇಗೆ ತಿರುಗುತ್ತಿತ್ತು! ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನಗುಡಿಯ ಹತ್ತಿರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅಲ್ಲಿ ಹಳ್ಳಿಯಿಂದ ಬಂದ ಹೆಂಗಸರು ಸೇರು ತುಂಬಿ ಮೇಲೊಂದು ಹಿಡಿ ಕೊಸರು ಹಾಕುವಾಗ ಕೈಯನ್ನು ನೋಡಿ. ಅಲಪದ್ಮಕ್ಕೆ ಅಲ್ಲಿ ಹೆಸರಿಲ್ಲ. ಅಷ್ಟೇ ವ್ಯತ್ಯಾಸ.

ರಂಗಪ್ರವೇಶವಾಗಿ ಹದಿನೈದು ದಿನಕ್ಕೆ ಆ ಹುಡುಗಿ ಆಲ್ಬಮ್ ತೋರಿಸಲು ಬಂದಳು. ಪುಟಪುಟಕ್ಕೂ ಅದೇ ನಗು. ನಾನು ಚೆನ್ನಾಗಿದೆ ಎಂದೆ. ಆಮೇಲೆ ತಡೆಯಲಾರದೆ ಕೇಳಿದೆ, "ಪುಟ್ಟಾ, ಪದದಲ್ಲಿ ಯಾಕಮ್ಮ ನಗ್ತಾ ಇದ್ದೆ?"

ಅವಳಿಗೆ ಕೋಪ ಬರಲಿಲ್ಲ. "ಅಜ್ಜಿ, ನಿಲ್ಲಿಸಕ್ಕೇ ಆಗಲಿಲ್ಲ. ಕೆನ್ನೆ ಹಿಡ್ಕೊಂಡ್ಬಿಟ್ಟಿತ್ತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮನೇಲಿ ಹಾಗೆ ಬರಲ್ಲ ಅಜ್ಜಿ. ಟೆರೇಸಿನ ಮೇಲೆ ಒಬ್ಬಳೇ ಮಾಡ್ತೀನಲ್ಲ, ಆಗ ನಗೋದೇ ಮರೆತುಹೋಗತ್ತೆ" ಎಂದಳು.

ಟೆರೇಸಿನ ಮೇಲೆ ಮಾಡುವುದನ್ನೇ ಇಲ್ಲಿ ಮಾಡಿ ತೋರಿಸು ಎಂದೆ. ಮೇಕಪ್ಪಿಲ್ಲ, ಗೆಜ್ಜೆಯಿಲ್ಲ, ಚೂಡಿದಾರದ ಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನನ್ನ ನಡುಮನೆಯಲ್ಲಿ ತಿಲ್ಲಾನದ ಒಂದು ಚರಣ ಮಾಡಿದಳು. ಬಾಯಲ್ಲಿ ತಾನೇ ಸೊಲ್ಲು ಹೇಳಿಕೊಳ್ಳುತ್ತಿದ್ದುದರಿಂದ ನಗುವುದಕ್ಕೆ ಬಾಯಿ ಬಿಡುವಾಗಿರಲಿಲ್ಲ. ಎಡಗೈ ಸೊಂಟದಲ್ಲಿ, ಬಲಗೈ ಮೇಲಕ್ಕೆ ಹೋಗಿ ಬೆರಳು ಬಿಚ್ಚಿದವು. ಅತ್ತೆ ನಿಂತು "ಸಾಕು ಕಣೋ" ಎಂದಿದ್ದ ಜಾಗ ಅದೇ.

ಮುಗಿಸಿ ನಿಂತಾಗ ಅವಳಿಗೆ ಏದುಸಿರು. "ಸರಿಯಾಯ್ತಾ ಅಜ್ಜಿ?" ಎಂದಳು.

"ಇನ್ನೊಂದು ಸಲ ಮಾಡು" ಎಂದೆ.